ಟ್ರಂಪೆಟ್ ಊದುವ ಅಪ್ಪನ ಲಿವರ್

ನಮ್ಮಪ್ಪ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಕೆಂಪು ಕೋಟು ತೊಟ್ಟು ಬೆಂಗಳೂರಿನ ಮರ್ಫಿ ಟೌನಿನ ನಮ್ಮ ಮನೆಯಿಂದ ಹೊರಟರೆ ಬೀದಿ ನಾಯಿಗಳೂ ಸರಿದು ದಾರಿ ಬಿಡುತ್ತಿದ್ದವು. ಊದುವ ಮೊದಲು ಒಂದಿಷ್ಟು ರಮ್ಮು ಒಳಗೆ ಹೋಗದಿದ್ದರೆ ದಮ್ಮು ಬರುವುದಿಲ್ಲ ಎಂಬುದು ಅವರ ನಂಬಿಕೆ. "ನಾನು ಕುಡಿದಿದ್ದು ಯಾರಿಗಾದ್ರೂ ಗೊತ್ತಾಗುತ್ತೇನ್ರೋ?" ಎಂದು ಜೊತೆಯವರನ್ನು ಕೇಳುತ್ತಿದ್ದರು. ನಿಜ, ಗೊತ್ತಾಗುತ್ತಿರಲಿಲ್ಲ. ಮಾತು ತೊದಲುತ್ತಿರಲಿಲ್ಲ, ಹೆಜ್ಜೆ ತಪ್ಪುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ, ಶಿವಾಜಿನಗರದಲ್ಲಿ ಸಂಜೆ ಮೆರವಣಿಗೆಯಿತ್ತು. ಮಧ್ಯಾಹ್ನ ಬ್ಯಾಂಡಿನ ಗೆಳೆಯರೊಬ್ಬರ ಮನೆಯಲ್ಲಿ ಬಿರಿಯಾನಿ, ಜೊತೆಗೆ ಬಾಟಲಿ. ಮೊದಲ ಬಾರಿಗೆ ಅಪ್ಪ ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಅಮ್ಮ ತಲೆಗೆ ತಣ್ಣೀರು ಸುರಿದಳು. ನಾನು ಕಡು ಕಾಫಿ ಕೊಟ್ಟೆ. ಪಕ್ಕದ ಮನೆಯ ಅಜ್ಜಿ ಹುಳಿ ಮಜ್ಜಿಗೆ ತಂದರು. ಅಪ್ಪ ಕಣ್ಣರಳಿಸಿ, "ಈಗ ಫಸ್ಟ್ ಕ್ಲಾಸ್!" ಎಂದು ಕೋಟು ತೊಟ್ಟರು. ಅಮ್ಮನಿಗೆ ಅನುಮಾನ, ನನ್ನನ್ನೂ ಜೊತೆಗೆ ಕಳಿಸಿದಳು.

ಮೆರವಣಿಗೆ ಚೆನ್ನಾಗೇ ಹೊರಟಿತು. ರಸ್ತೆ ಕವಲೊಡೆಯುವಲ್ಲಿ ಬ್ಯಾಂಡು ಎಡಕ್ಕೆ ತಿರುಗಿತು, ಅಪ್ಪ ಬಲಕ್ಕೆ. ಕಣ್ಣು ಮುಚ್ಚಿ ಊದುತ್ತಿದ್ದರು. ಮದುಮಗನ ಕುದುರೆಗೂ ಟ್ರಂಪೆಟ್ಟೇ ಇಷ್ಟವಾಯಿತೇನೋ, ಅವರ ಹಿಂದೆಯೇ ನಡೆಯಿತು. ಕುದುರೆಯ ಹಿಂದೆ ಅತ್ತೆಯರು, ಮಾವಂದಿರು, ದೀಪ ಹೊತ್ತವರು. ನಾನು ಓಡಿಹೋಗಿ ಕೋಟು ಹಿಡಿದೆಳೆಯುವಷ್ಟರಲ್ಲಿ ಇಡೀ ದಿಬ್ಬಣ ಒಂದು ಮಟನ್ ಅಂಗಡಿಯ ಮುಂದೆ ನಿಂತಿತ್ತು. ಅಲ್ಲಿಂದಾಚೆ ದಾರಿಯೇ ಇರಲಿಲ್ಲ. ಮದುಮಗ ಕುದುರೆಯ ಮೇಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ನಗಲಿಲ್ಲ.

ಮರುದಿನ ಅವರೇ ಹಲಸೂರಿನ ಡಾಕ್ಟರ ಹತ್ತಿರ ಹೋಗೋಣ ಎಂದರು. ಡಾಕ್ಟರು ತಮಿಳು ಬೆರೆತ ಕನ್ನಡದ, ನಗುಮುಖದ ಹೆಂಗಸು.

"ಕಾಫಿ ಕುಡಿದೆ, ಸ್ನಾನ ಮಾಡಿದೆ. ಆದ್ರೂ ಯಾಕೆ ಇಳೀಲಿಲ್ಲ ಮೇಡಂ?"

"ಕಾಫಿ ಎಚ್ಚರ ಮಾಡುತ್ತೆ ಅಷ್ಟೇ ರೀ, ಅಮಲು ಇಳಿಸಲ್ಲ. ಅದು ಲಿವರ್ ಕೆಲಸ. ಒಂದೇ ಕೌಂಟರ್ ಇರೋ ಟಿಕೆಟ್ ಆಫೀಸ್ ಇದ್ದ ಹಾಗೆ. ಹೊರಗೆ ಕ್ಯೂನಲ್ಲಿ ಎಷ್ಟು ಕೂಗಾಡಿದ್ರೂ ಒಳಗಿರೋರು ತಮ್ಮ ಸ್ಪೀಡಲ್ಲೇ ಕೊಡೋದು. ಅಲ್ಲೀವರೆಗೂ ಮಿಕ್ಕಿದ್ದು ರಕ್ತದಲ್ಲಿ ಸುತ್ತುತ್ತಾ ಇರುತ್ತೆ."

"ನಂಗೆ ಸಾಮಾನ್ಯವಾಗಿ ಏರೋದೇ ಇಲ್ಲ."

"ಅದು ಹೆಮ್ಮೆ ಪಡೋ ವಿಷ್ಯ ಅಲ್ಲ. ತಲೆಗೆ ಅಭ್ಯಾಸ ಆಗಿದೆ, ಲಿವರ್‌ಗೆ ಪೆಟ್ಟು ಬೀಳ್ತಾನೇ ಇದೆ."

ಸ್ಕ್ಯಾನಿನಲ್ಲಿ ಲಿವರ್‌ಗೆ ಕೊಬ್ಬು ಕಟ್ಟಿರುವುದು ಕಂಡಿತು. ಕುಡಿತ ಈಗಲೇ ಬಿಟ್ಟರೆ ಸರಿಹೋದೀತು ಎಂದರು ಡಾಕ್ಟರು. "ಆದ್ರೆ ನಿಮ್ಮಷ್ಟಕ್ಕೇ ದಿಢೀರಂತ ನಿಲ್ಲಿಸ್ಬೇಡಿ, ಅದೂ ಅಪಾಯ. ನನ್ನ ಕಣ್ಣೆದುರಿಗೇ ಬಿಡಿ," ಎಂದು ಮಾತ್ರೆ ಕೊಟ್ಟು, ಮೊದಲ ವಾರ ದಿನವೂ ಬರಹೇಳಿದರು. ಆ ವಾರ ಅಪ್ಪನ ಕೈ ನಡುಗಿತು, ಸಿಡುಕು ಹೆಚ್ಚಿತು. ಅಮ್ಮ ಮೀನು ಸಾರು ಮಾಡಿ ಸಮಾಧಾನಪಡಿಸಿದಳು.

ಆಮೇಲೆ ಹಸಿವು ಬಂತು, ಗಟ್ಟಿ ನಿದ್ದೆ ಬಂತು. ರಮ್ಮಿಲ್ಲದೆ ಊದಿದಾಗ ದಮ್ಮು ಮೊದಲಿಗಿಂತ ಹೆಚ್ಚು ಹೊತ್ತು ಬಂದದ್ದು ಕಂಡು ಅವರಿಗೇ ಆಶ್ಚರ್ಯ. ಕೆಲವು ತಿಂಗಳ ನಂತರದ ಸ್ಕ್ಯಾನ್ ನೋಡಿದ ಡಾಕ್ಟರು, "ಪರವಾಗಿಲ್ವೇ, ಕ್ಯೂ ಕರಗಿದೆ!" ಎಂದರು.

ಕಷ್ಟವಾದದ್ದು ಬೀದಿಯವರಿಗೆ. ನಿದ್ದೆ ಚೆನ್ನಾಗಿ ಆದ ಅಪ್ಪ ಬೆಳಕು ಹರಿಯುತ್ತಲೇ ಮಾಳಿಗೆ ಹತ್ತಿ ಅಭ್ಯಾಸ ಶುರುಮಾಡಿದರು. ಅಕ್ಕಪಕ್ಕದವರು ಬಂದು, "ಅಕ್ಕಾ, ಅವರಿಗೆ ಕೆರೆ ಹತ್ರ ಹೋಗಿ ಊದೋಕೆ ಹೇಳಿ," ಎಂದು ಅಮ್ಮನಲ್ಲಿ ಬೇಡಿಕೊಂಡರು. ಹೀಗೆ ಅಪ್ಪ ಹಲಸೂರು ಕೆರೆಯ ದಂಡೆಗೆ ಹೋದರು. ಅಲ್ಲಿ ವಾಕಿಂಗ್ ಬರುವ ಮುದುಕರು ಅವರ ತಾಳಕ್ಕೆ ಹೆಜ್ಜೆ ಹಾಕತೊಡಗಿದರು.