ತೋರಿಸಿದವರು ಯಾರು?

ಕಂಪ್ಯೂಟರ್ ತಡಮಾಡಿದಾಗಲೆಲ್ಲ ಕಾಕಾ ಅವರ ಬಲಗಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿತ್ತು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ದೇವರ ಮುಂದೆ ಕೂತಂತೆ ನೆಟ್ಟಗೆ ಕೂರುತ್ತಿದ್ದರು. ಪರದೆಯ ಮೇಲೆ ಅಕ್ಷರ ಮೂಡಿದೊಡನೆ ಬೆರಳು ನಿಲ್ಲುತ್ತಿತ್ತು.

ಅವರು ರಕ್ತಸಂಬಂಧಿಯಲ್ಲ, ದೇಶಪಾಂಡೆ ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಯಾರು ಯಾವ ರಿಪೋರ್ಟ್ ಕೇಳಿದರೂ ಅವರದು ಒಂದೇ ಪ್ರಶ್ನೆ: "ಮಾಡಿ ಕೊಡ್ತೇನ್ರಿ. ಅದನ್ನ ನೋಡಿ ಏನ್ ಮಾಡಾವ್ರು ನೀವು?" ಉತ್ತರವಿಲ್ಲದವರಿಗೆ ಚಹಾ ಮಾತ್ರ ಸಿಗುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ, ದುರ್ಗದಬೈಲಿನ ನಮ್ಮ ಸೀರೆ ಅಂಗಡಿಗೆ ಅವರು ಕಂಪ್ಯೂಟರ್ ಕೂಡಿಸಿದಾಗ ಅಂಗಡಿಯ ಯಜಮಾನರಾದ ನಮ್ಮ ಮಾವನವರಲ್ಲಿ ಉತ್ತರ ಸಿದ್ಧವಿತ್ತು. "ಲಗ್ನದ ಜವಳಿ ವ್ಯಾಪಾರ ಬೆಳೀಬೇಕು. ಯಾರು ಪಗಾರಕ್ಕ ತಕ್ಕಂಗ ಮಾರ್ತಾರ, ಯಾರು ಇಲ್ಲ, ನನಗ ತಿಳೀಬೇಕು."

ಪಗಾರವನ್ನೂ ಬಿಲ್ಲುಗಳನ್ನೂ ಜೋಡಿಸಿ ಕಾಕಾ ರಿಪೋರ್ಟ್ ಮಾಡಿಕೊಟ್ಟರು. ಪ್ರತಿ ತಿಂಗಳೂ ಅದರ ಕೊನೆಯ ಸಾಲಿನಲ್ಲಿ ಅಂಗಡಿಯ ಅತಿ ಹಿರಿಯ ಸೇಲ್ಸ್‌ಮನ್ನರ ಹೆಸರು. ದೀಪಾವಳಿಯಾದ ಮೇಲೆ ಅವರನ್ನು ಕೆಲಸದಿಂದ ಬಿಡಿಸುವುದೆಂದು ಮಾವನವರು ನಿರ್ಧರಿಸಿದರು.

ಒಂದು ಭಾನುವಾರ ನಮ್ಮ ಮನೆಯಲ್ಲಿ ಕಾಕಾ ಅವಲಕ್ಕಿ ತಿನ್ನುತ್ತಿರುವಾಗ ಮಾವನವರು ಈ ಮಾತೆತ್ತಿದರು. ಚಹಾ ತಂದ ನನಗೆ ತಡೆಯಲಾಗಲಿಲ್ಲ.

"ನಮ್ಮ ತಂಗಿ ಲಗ್ನಕ್ಕ ಅವ್ವ ಮೊದಲ ನೋಡಾಕ ಬಂದಾಗ ಗಂಟೆಗಟ್ಲೆ ಸೀರಿ ಬಿಚ್ಚಿ ತೋರಿಸಿದ್ದು ಅವರಽ ಅಲ್ರಿ ಮಾವಾರ? ಆಮ್ಯಾಲ ಅಪ್ಪ, ಬೀಗರು ಬಂದು ಅದಽ ಸೀರಿ ತಗೊಂಡ್ರು. ಬಿಲ್ ಬ್ಯಾರೆ ಸೇಲ್ಸ್‌ಮನ್ ಹೆಸರಿಗೆ ಆತು."

ಮೊದಲು ಹೆಂಗಸರಷ್ಟೇ ಬಂದು ಮುಟ್ಟಿ ನೋಡಿ ಹೋಗುವುದು, ಆಮೇಲೆ ಹಿರಿಯರೊಡನೆ ಬಂದು ಕೊಳ್ಳುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಕಾಕಾ ಚಮಚ ಕೆಳಗಿಟ್ಟರು. ಎದುರಿಗೆ ಕಂಪ್ಯೂಟರ್ ಇರಲಿಲ್ಲ, ಆದರೂ ಹೆಬ್ಬೆರಳು ತಾಳ ಹಾಕತೊಡಗಿತು.

ಮರುದಿನ ಅವರು ಅಂಗಡಿಯಲ್ಲಿ ಸೀರೆ ಹರಡಿ ತೋರಿಸುವ ಗಾದಿಯ ಅಂಚಿನಲ್ಲಿ ಸಂಜೆಯವರೆಗೂ ಕೂತು ಬಂದುಹೋಗುವವರನ್ನು ನೋಡಿದರಂತೆ. ಆಮೇಲೆ ಎಲ್ಲರೆದುರು ಎದ್ದು ನಿಂತು, "ಸಾವ್ಕಾರ್ರ, ತಪ್ಪು ನಂದು. ನಿಮಗ ಬೇಕಾದ್ದು ಲಗ್ನದ ಮನಿಯವ್ರನ್ನ ತಿರುಗಿ ಬರೂ ಹಂಗ ಮಾಡಾವ್ರು. ನಾ ಎಣಸಿದ್ದು ಬರೇ ಬಿಲ್ ಮಾಡಿದವ್ರನ್ನ," ಎಂದರಂತೆ.

"ಇಷ್ಟ ದಿನ ನಮ್ಮ ಗ್ವಾಡಿ ಮ್ಯಾಲಿನ ಹಲ್ಲಿ ಎಣಸಿದ್ರೂ ಇಷ್ಟಽ ಆಗ್ತಿತ್ತಲ್ರಿ!" ಎಂದರಂತೆ ಮಾವನವರು.

"ಹಲ್ಲಿ ಆಗಿದ್ರ ಬರೋಬ್ಬರಿ ಎಣಸ್ತಿದ್ದೆ ಬಿಡ್ರಿ. ಅವು ನೋಡಿ ಹೋಗಿ ತಿರುಗಿ ಬರೂದಿಲ್ಲ!"

ಅಂದಿನಿಂದ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಾಯಿತು: ಮೊದಲು ತೋರಿಸಿದವರು. ಆ ಹಿರಿಯರು ದೀಪಾವಳಿಯ ಮೇಲೂ ಉಳಿದರು, ಕೈಲಾಗುವವರೆಗೂ ಸೀರೆ ಬಿಚ್ಚಿ ತೋರಿಸಿದರು.

ಮದುವೆಯಾಗಿ ಬಂದ ನನ್ನನ್ನು ಅಂಗಡಿಯ ವಿಷಯ ಅದುವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಕಾಕಾ ಯಾವ ಹೊಸ ರಿಪೋರ್ಟ್ ಮಾಡುವಾಗಲೂ ಮೊದಲು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಯವ್ವಾ, ಇದರಾಗ ಏನ್ ಬಿಟ್ಟೇನಿ ನೋಡು," ಅನ್ನುತ್ತಿದ್ದರು. ಒಗ್ಗರಣೆ ಹಾಕುತ್ತಲೇ ಹೇಳುತ್ತಿದ್ದೆ. ಬರೆದುಕೊಳ್ಳುತ್ತಿದ್ದರು.

ಕಾಕಾ ತೀರಿಕೊಂಡ ಮೇಲೆ ಅಂಗಡಿಯ ಕಂಪ್ಯೂಟರ್ ಬದಲಾಯಿತು, ಸಾಫ್ಟ್‌ವೇರೂ ಬದಲಾಯಿತು. ಆ ಸಾಲನ್ನು ಮಾತ್ರ ಮಾವನವರು ತೆಗೆಯಗೊಡಲಿಲ್ಲ. ಅಂಗಡಿಗೆ ಹೋದಾಗ ನಾನು ಬಿಲ್ ಮಾಡುವ ಮೇಜಿನ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. "ಮೊದಲ ಯಾರ್ ತೋರಿಸಿದ್ರು ಅಕ್ಕಾರ?" ಎಂದು ಬಿಲ್ ಮಾಡುವವರು ಕೇಳಿದಾಗ ಹೆಂಗಸರು ತಿರುಗಿ, ಗಾದಿಯುದ್ದಕ್ಕೂ ಮುಖ ಹುಡುಕಿ, ಕೈ ಎತ್ತಿ ತೋರಿಸುತ್ತಾರೆ: "ಅವರ್ರಿ, ಅಲ್ಲಿ ಸೀರಿ ಮಡಚಾಕತ್ತಾರಲ್ಲ."