ಅಮ್ಮಣ್ಣಿಯವರ ಕೈಯಳತೆ

ಆಶ್ರಿತನ ಕೆಲಸವೇ ಜನರ ಬಾಯಿಂದ ನಿಜ ಹೊರಡಿಸುವುದು. ಬಿಟಿಎಂ ಲೇಔಟಿನ ಒಂದು ಮೂರನೇ ಮಹಡಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ವಾಷಿಂಗ್ ಮೆಷಿನ್ ರಿಪೇರಿ ಮಾಡಿಸಿಕೊಂಡವರಿಗೆ, ಹೊಸ ಹಾಸಿಗೆ ಕೊಂಡವರಿಗೆ ಫೋನ್ ಮಾಡಿ, "ನಮ್ಮ ಸರ್ವಿಸ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸಾರ್? ಸಂಕೋಚ ಇಲ್ದೆ ಹೇಳಿ" ಎಂದು ದಿನಕ್ಕೆ ತೊಂಬತ್ತು ಸಲ ಕೇಳುತ್ತಿದ್ದ. ಜನ ಸಂಕೋಚವಿಲ್ಲದೆ ಹೇಳುತ್ತಿದ್ದರು. ಕೆಲವರು ಅವನ ಮನೆತನದ ಬಗ್ಗೆಯೂ ಎರಡು ಮಾತು ಸೇರಿಸುತ್ತಿದ್ದರು. ಇಂಥ ನಿಜದ ವ್ಯಾಪಾರಿ, ಸಂಜೆ ಪದ್ಮನಾಭನಗರದ ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ, ಸಾರಿಗೆ ಉಪ್ಪಿಲ್ಲ ಎಂಬ ಎರಡೇ ಪದ ಹೇಳಲಾರದೆ ಆರು ವಾರ ಕಳೆದ.

ಹೇಳದಿರಲು ಕಾರಣವಿತ್ತು. ಅವನ ತಂದೆ ಬದರಿನಾಥರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಇನ್ನೂ ಆಗಿಲ್ಲ. ಊಟಕ್ಕೆ ಕೂತವರು ಅಡುಗೆಯನ್ನು ಆಡಿಕೊಳ್ಳಬಾರದು ಎಂಬುದು ಅವರ ತಂದೆಯ ಕಾಲದಿಂದ ಬಂದ ಕಟ್ಟಳೆ. ಬದರಿನಾಥರು ಅದಕ್ಕೆ ತಮ್ಮದೂ ಒಂದು ಸೇರಿಸಿದ್ದರು: ಹೊಗಳಲೂಬಾರದು. ಇವತ್ತು ಹೊಗಳಿದರೆ, ನಾಳೆ ಹೊಗಳದೆ ಇದ್ದದ್ದೇ ಬೈದ ಹಾಗೆ ಆಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಹಾಗಾಗಿ ಆ ಮನೆಯಲ್ಲಿ ರಾತ್ರಿ ಎಂಟರ ಊಟದ ಹೊತ್ತಿಗೆ ರಾಜಕೀಯ, ನೀರಿನ ಟ್ಯಾಂಕರು, ಎದುರು ಮನೆಯ ಟ್ಯೂಷನ್ ಮಕ್ಕಳು ಬೀದಿ ತುಂಬ ಬಿಟ್ಟುಹೋಗುವ ಸೈಕಲ್ಲು, ಎಲ್ಲದರ ಮೇಲೂ ತೀರ್ಪು ಬೀಳುತ್ತಿತ್ತು. ಸಾರು, ಪಲ್ಯಗಳ ಮೇಲೆ ಮಾತ್ರ ಇಲ್ಲ.

ಅಡುಗೆ ಮಾಡುವ ಅವನ ತಾಯಿ ಅಮ್ಮಣ್ಣಿಯೂ ಅದನ್ನು ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ಮುಟ್ಟಿಸುವುದು ಆ ಮನೆಯಲ್ಲಿ ಇಲ್ಲ. ರಾತ್ರಿಯ ಅಡುಗೆಗೆ ನೈವೇದ್ಯವಿಲ್ಲ, ಆದರೆ ಅಭ್ಯಾಸಕ್ಕೆ ಹಗಲು ರಾತ್ರಿ ತಿಳಿಯುವುದಿಲ್ಲವಲ್ಲ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಹೆಂಗಸು. ಟ್ರಂಕ್ ಕಾಲ್ ಕಾಲದಲ್ಲಿ, ಆ ಕಡೆಯವರು ಹಲೋ ಅನ್ನುವ ವರಸೆಯಲ್ಲೇ ಹುಟ್ಟಿದ ಸುದ್ದಿಯೋ ಸತ್ತ ಸುದ್ದಿಯೋ ಗೊತ್ತಾಗಿಬಿಡುತ್ತಿತ್ತು ಎನ್ನುತ್ತಿದ್ದರು. ಎಂಟರ ಬಸ್ಸು ಹಿಡಿಯುವ ಮೊದಲು ಹುಳಿ, ಸಾರು, ಪಲ್ಯ ಮೂರನ್ನೂ ಮುಗಿಸಿ, ಸೀರೆಯ ನೆರಿಗೆ ಹಿಡಿದುಕೊಂಡೇ ಮೆಟ್ಟಿಲು ಇಳಿಯುತ್ತಿದ್ದವರು. ರುಚಿ ನೋಡಲು ದೇವರು ಒಪ್ಪಿದ್ದರೂ ಬಸ್ಸು ಒಪ್ಪುತ್ತಿರಲಿಲ್ಲ.

ಅವರ ಉಪ್ಪಿಗೆ ಚಮಚವಿಲ್ಲ. ಪಿಂಗಾಣಿ ಜಾಡಿಯಿಂದ ಬಲಗೈಯ ಕುಳಿಗೆ ಅಷ್ಟು ಹಾಕಿಕೊಂಡು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಹೆಚ್ಚಾದದ್ದನ್ನು ಜಾಡಿಗೇ ಉದುರಿಸಿ, ಉಳಿದದ್ದನ್ನು ಪಾತ್ರೆಗೆ ಹಾಕಿದರೆ ಮುಗಿಯಿತು. ಒಮ್ಮೆ ಮಗಳು ಇಂಚರ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಅಮ್ಮ, ಉಪ್ಪು ಎಷ್ಟು?"

"ಎಷ್ಟು ಬೇಕೋ ಅಷ್ಟು."

"ಚಮಚದ ಲೆಕ್ಕದಲ್ಲಿ ಹೇಳಮ್ಮ."

"ಚಮಚ ನಂಗೊತ್ತಿಲ್ಲ ಕಣೇ. ಬೇಕಾದ್ರೆ ಕೈ ಬಿಚ್ಚಿಕೊಡ್ತೀನಿ, ತಗೊಂಡ್ಹೋಗು."

ಅಂಥ ಕೈ ಕೈಕೊಟ್ಟಿತು. ಒಂದು ಮಂಗಳವಾರದ ತಿಳಿಸಾರು ಸಪ್ಪೆಯಾಗಿತ್ತು. ಇರಲಿ, ಒಂದು ದಿನ. ಬುಧವಾರದ ಹುಳಿಯೂ ಸಪ್ಪೆ, ಕೊನೆಗೆ ನಾಲಿಗೆಯ ಬುಡದಲ್ಲಿ ಒಂಥರಾ ಕಹಿ. ಗುರುವಾರ ಉಪ್ಪಿಟ್ಟು ತಿನ್ನುವಾಗ ಆಶ್ರಿತ್ ತಂಗಿಯ ಮುಖ ನೋಡಿದ, ತಂಗಿ ಅಪ್ಪನ ಮುಖ ನೋಡಿದಳು, ಅಪ್ಪ ಫ್ಯಾನಿನ ಮುಖ ನೋಡಿದರು. ಉಪ್ಪು ಬಡಿಸಿ ಎಂದರೆ ಅದೇ ಒಂದು ಟೀಕೆಯಾಗುತ್ತದೆ. ಆದ್ದರಿಂದ ಬದರಿನಾಥರು ಮಾವಿನ ಮಿಡಿ ಉಪ್ಪಿನಕಾಯಿಯ ಮೊರೆಹೋದರು. ಇಂಚರ ಹಪ್ಪಳ ಹಿಡಿದಳು. ಆಶ್ರಿತ್ ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಆರೂವರೆಗೇ ಒಂದು ಮಸಾಲೆ ದೋಸೆ ಮುಗಿಸಿ ಬಂದು, ಮನೆಯಲ್ಲಿ "ಯಾಕೋ ಹಸಿವಿಲ್ಲಮ್ಮ" ಎನ್ನುವ ಮಟ್ಟಕ್ಕೆ ಇಳಿದ.

ಮೂರನೇ ವಾರ ಇಂಚರ ಅವನನ್ನು ಟೆರೇಸಿಗೆ ಎಳೆದೊಯ್ದಳು. ಫಿಸಿಯೋಥೆರಪಿ ಕೊನೆಯ ವರ್ಷ ಓದುತ್ತಿದ್ದವಳು. ಅರ್ಧ ಡಾಕ್ಟರಾದ್ದರಿಂದ ಪೂರ್ತಿ ಡಾಕ್ಟರಿಗಿಂತ ಹೆಚ್ಚು ಹೆದರುತ್ತಿದ್ದಳು.

"ಅಜ್ಜಿಗೂ ಹೀಗೇ ಶುರುವಾಗಿದ್ದು ಕಣೋ. ಮೊದಲು ಸಾರಿಗೆ ಉಪ್ಪು ಮರೆತ್ರು. ಆಮೇಲೆ ಗ್ಯಾಸ್ ಆರಿಸೋದು. ಆಮೇಲೆ ನಮ್ಮ ಹೆಸ್ರು."

ಆಶ್ರಿತನಿಗೆ ಅಜ್ಜಿ ನೆನಪಾದರು. ಅಮ್ಮನ ಅಮ್ಮ ಕೊನೆಯ ಎರಡು ವರ್ಷ ಅವನನ್ನು ಪೋಸ್ಟ್‌ಮ್ಯಾನ್ ಎಂದುಕೊಂಡು, ಬಂದಾಗಲೆಲ್ಲ ಕಾಗದ ಬಂತೇ ಎಂದು ಕೇಳುತ್ತಿದ್ದರು. ಕೇಳಿದಾಗ ನಗು ಬರುವಂತಿತ್ತು, ಅಮ್ಮ ಮಾತ್ರ ನಕ್ಕಿರಲಿಲ್ಲ.

"ನೀನೇ ಕೇಳೋ. ದಿನಾ ಊರವರನ್ನೆಲ್ಲ ಕೇಳ್ತೀಯಲ್ಲ."

"ಏನಂತ ಕೇಳ್ಲೇ? ನಿನ್ನ ಜ್ಞಾಪಕಶಕ್ತಿಗೆ ಹತ್ತಕ್ಕೆ ಎಷ್ಟು ಕೊಡ್ತೀಯಮ್ಮ ಅಂತಲಾ?"

ಕೇಳಲಿಲ್ಲ. ಅದರ ಬದಲು ಅವನು ಕಂಡುಕೊಂಡ ಉಪಾಯವೆಂದರೆ ಹೋಟೆಲು. ಆ ಮನೆಯವರು ಹೊರಗೆ ಊಟಕ್ಕೆ ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ, ಮೊದಲನೇ ಭಾನುವಾರ ಮಾತ್ರ. ಆಶ್ರಿತ್ ಅದನ್ನು ಪ್ರತಿ ಭಾನುವಾರ ಮಾಡಿದ, ಆಮೇಲೆ ಬುಧವಾರವನ್ನೂ ಸೇರಿಸಿದ. ಒಮ್ಮೆ "ಇನ್‌ಸೆಂಟಿವ್ ಬಂತು" ಎಂದ, ಒಮ್ಮೆ "ಇಂಚರಂಗೆ ಆಸೆ" ಎಂದ, ಇನ್ನೊಮ್ಮೆ ಯಾವುದೋ ದಿನಾಚರಣೆಯನ್ನೇ ಹುಟ್ಟಿಸಿದ. ಅಮ್ಮಣ್ಣಿ ಸೀರೆ ಬದಲಿಸಿ ಬರುತ್ತಿದ್ದರು. ಟ್ರಂಕ್ ಕಾಲಿನಲ್ಲಿ ಹಲೋ ಕೇಳಿಯೇ ಸಾವು ಹುಟ್ಟು ಹೇಳುತ್ತಿದ್ದವರಿಗೆ ಮಗನ ಸುಳ್ಳು ತಿಳಿಯುವುದಿಲ್ಲ ಎಂದು ನಂಬಿದ್ದು ಅವನ ದೊಡ್ಡ ಸಾಧನೆ.

ಆರನೇ ವಾರದ ಭಾನುವಾರ ಮಧ್ಯಾಹ್ನ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ನಾಲ್ವರೂ ಕೂತಿದ್ದರು. ಬದರಿನಾಥರು ಯಾವಾಗಿನಂತೆ ಮೆನು ಕಾರ್ಡನ್ನು ಕೊನೆಯ ಪುಟದವರೆಗೆ ಓದಿ, ಯಾವಾಗಿನಂತೆ "ನಾಲ್ಕು ಊಟ ಕೊಡಪ್ಪ" ಎಂದರು. ಅಮ್ಮಣ್ಣಿ ಅನ್ನಕ್ಕೆ ಸಾರು ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟವರು ಅಲ್ಲೇ ತಡೆದರು. ಇನ್ನೊಂದು ತುತ್ತು. ಬಟ್ಟಲೆತ್ತಿ ಬರೀ ಸಾರನ್ನೇ ಒಂದು ಗುಟುಕು ಕುಡಿದರು.

"ಇದಕ್ಕೆ ಉಪ್ಪು ಸರಿಯಾಗಿದೆ ಅಲ್ವೇನ್ರೀ?"

"ಹೂಂ, ಹದವಾಗಿದೆ" ಎಂದರು ಬದರಿನಾಥರು. ಅಂದಮೇಲೆ ತಮ್ಮ ಕಟ್ಟಳೆ ನೆನಪಾಗಿ ಕೆಮ್ಮಿದರು.

"ಹಾಗಾದ್ರೆ ನನ್ನ ನಾಲಿಗೆ ಹೋಗಿಲ್ಲ."

ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು.

"ಒಂದೂವರೆ ತಿಂಗಳಿಂದ ನಮ್ಮನೇದು ನಂಗೆ ಸಪ್ಪೆ ಅನ್ನಿಸ್ತಿತ್ತು" ಎಂದರು ಅಮ್ಮಣ್ಣಿ. ದನಿ ಏರಲಿಲ್ಲ, ಎಕ್ಸ್‌ಚೇಂಜಿನಲ್ಲಿ ಲೈನು ಸಿಗುತ್ತಿಲ್ಲ ಎನ್ನುವಾಗಿನ ದನಿ. "ನೀವ್ಯಾರೂ ಏನೂ ಅನ್ಲಿಲ್ಲ. ನಿಮಗೆ ಸರಿಯಾಗೇ ಇದೆ, ವಯಸ್ಸಾಗಿ ನನ್ನ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡೆ. ಸರಿಯಾಗಿರೋದಕ್ಕೆ ಇನ್ನಷ್ಟು ಹಾಕಿ ಯಾಕೆ ಹಾಳುಮಾಡ್ಲಿ ಅಂತ ಸುಮ್ನಿದ್ದೆ. ಹೋಟ್ಲಲ್ಲಿ ಸರಿ ಅನ್ನಿಸಿದ್ರೂ, ಇವರು ಉಪ್ಪು ಜಾಸ್ತಿ ಸುರೀತಾರೆ ಅಂತ ಬಿಟ್ಟೆ. ಈಗ ಗೊತ್ತಾಯ್ತು. ಕೆಟ್ಟಿರೋದು ನಾಲಿಗೆ ಅಲ್ಲ, ಕೈ."

"ಹಾಗಲ್ಲಮ್ಮ..." ಎಂದ ಆಶ್ರಿತ್.

"ಹೇಗೆ ಮತ್ತೆ? ಉಪ್ಪಿನಕಾಯಿ ಜಾಡಿ ತಳ ಕಾಣ್ತಿದೆ. ನೀನು ದಿನಾ ಚಟ್ನಿ ವಾಸನೆ ಹೊತ್ಕೊಂಡು ಬಂದು ಹಸಿವಿಲ್ಲ ಅಂತೀಯ. ವಾರಕ್ಕೆ ಎರಡು ಸಲ ಹೋಟ್ಲು. ನಾನೇನು ದಡ್ಡಿನೇನೋ?" ಅವರು ಬಟ್ಟಲನ್ನು ಪಕ್ಕಕ್ಕಿಟ್ಟರು. "ಪಕ್ಕದ್ಮನೆ ಮಧುಮತಿ ಅವರ ಅಡುಗೆಯವರನ್ನ ನಾಳೆಯಿಂದ ನಮ್ಮನೆಗೂ ಬರಕ್ಕೆ ಹೇಳ್ತೀನಿ. ನಮ್ಮಮ್ಮಂದು ನೋಡಿದೀನಿ ನಾನು. ಯಾರಾದ್ರೂ ಸೌಟು ಕಿತ್ಕೊಳ್ಳೋ ತನಕ ಹಿಡ್ಕೊಂಡಿರಬಾರದು."

ಪಾಯಸ ಬಂತು. ಯಾರೂ ಮುಟ್ಟಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅಮ್ಮಣ್ಣಿ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಕೂತಿದ್ದರು, ಯಾರದೋ ಕೈ ಎಂಬಂತೆ.

ಸಂಜೆ ಐದಕ್ಕೆ ಅವರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿ, ಬೇರೆಯವರಿಗೆ ತಿಳಿಯಲೆಂದು ಒಂದೊಂದಕ್ಕೂ ಚೀಟಿ ಅಂಟಿಸತೊಡಗಿದರು. ತೊಗರಿಬೇಳೆ. ಹುಳಿಪುಡಿ. ಮೆಂತ್ಯ. ತನ್ನ ಮನೆಯನ್ನು ತಾನೇ ಬಾಡಿಗೆಗೆ ಕೊಡುವವರ ಹಾಗೆ. ಆಶ್ರಿತ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ನಿಂತ್ಕೊಂಡೇನ್ ನೋಡ್ತೀಯ ಆಶೂ? ಉಪ್ಪು ಮುಗೀತಾ ಬಂತು. ನಿನ್ನ ಫೋನಲ್ಲಿ ತರಿಸು. ಹೋದ್ಸಲ ತರಿಸಿದ್ದೆಯಲ್ಲ, ಅದೇ."

ಅವನು ಆ್ಯಪ್ ತೆರೆದು ಹಳೆಯ ಆರ್ಡರಿಗೆ ಹೋದ. ಉಪ್ಪು, ಒಂದು ಪ್ಯಾಕೆಟ್. ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಬೆರಳಿನಿಂದ ದೊಡ್ಡದು ಮಾಡಿಕೊಂಡು ಓದಿದ. ಕಡಿಮೆ ಸೋಡಿಯಂ. ಬಿ.ಪಿ. ಇರುವವರಿಗಾಗಿ. ಆ ಸಪ್ಪೆಯೂ ಕಹಿಯೂ ಇದರದ್ದೇ.

ಸಿನಿಮಾದಲ್ಲಾದರೆ ಇಲ್ಲಿ ಗುಡುಗು ಬರಬೇಕಿತ್ತು. ಎದುರು ಮನೆಯ ಟ್ಯೂಷನ್ ಮಕ್ಕಳು ಸೈಕಲ್ ಬೆಲ್ ಹೊಡೆದವು, ಅಷ್ಟೆ. ಅವನಿಗೆ ಎಲ್ಲವೂ ನೆನಪಾಯಿತು. ಅವತ್ತು ಆಫೀಸಿನಲ್ಲಿ ಒಬ್ಬ ಗ್ರಾಹಕರ ಜೊತೆ ಮಾತಾಡುತ್ತಲೇ ಆರ್ಡರ್ ಹಾಕಿದ್ದ. ನೀವು ಕೇಳಿದ ಉಪ್ಪು ಸದ್ಯಕ್ಕಿಲ್ಲ, ಅಂಥದ್ದೇ ಇನ್ನೊಂದು ಕಳಿಸಬಹುದೇ ಎಂದು ಆ್ಯಪ್ ಕೇಳಿತ್ತು. ಕಿವಿಯಲ್ಲಿ ಆ ಗ್ರಾಹಕರು "ನೀವೆಲ್ಲ ಸರಿಯಾಗಿ ಕೇಳಿಸ್ಕೊಳ್ಳೋದೇ ಇಲ್ಲ" ಎಂದು ಬೈಯುತ್ತಿರುವಾಗ, ಇವನು ಓದದೆ ಒಪ್ಪಿಗೆ ಒತ್ತಿದ್ದ. ಪ್ಯಾಕೆಟ್ಟಿನ ಬಣ್ಣ ಒಂದೇ. ಅಮ್ಮನ ಕನ್ನಡಕ ಟಿ.ವಿ. ಮುಂದೆಯೇ ಇರುವುದು. ಕತ್ತರಿಸಿ ಜಾಡಿಗೆ ಸುರಿದಿದ್ದರು, ಕೈ ತನ್ನ ಅಳತೆಯನ್ನು ಒಂದು ಕಾಳೂ ತಪ್ಪದೆ ಹಾಕುತ್ತಾ ಬಂದಿತ್ತು.

"ಅಮ್ಮ" ಎಂದ. "ನಿನ್ನ ಕೈ ಸರಿಯಾಗಿದೆ. ಕೆಟ್ಟಿರೋದು ನಂದು."

ಫೋನ್ ಅವರ ಮುಖದ ಮುಂದೆ ಹಿಡಿದ. ಅಮ್ಮಣ್ಣಿ ಹಾಲಿಗೆ ಹೋಗಿ ಕನ್ನಡಕ ತಂದು, ಹಾಕಿಕೊಂಡು, ಎರಡು ಸಲ ಓದಿದರು. ಅಷ್ಟರಲ್ಲಿ ಅಪ್ಪ, ತಂಗಿ ಇಬ್ಬರೂ ಬಂದು ನಿಂತರು.

"ಉಪ್ಪಲ್ಲದ ಉಪ್ಪು" ಎಂದರು ಅಮ್ಮಣ್ಣಿ ನಿಧಾನವಾಗಿ.

"ಉಪ್ಪೇ, ಸ್ವಲ್ಪ ಕಮ್ಮಿ ಉಪ್ಪು..."

"ಮುಚ್ಚೋ ಬಾಯಿ! ಆರು ವಾರ ನನಗೆ ಹುಚ್ಚು ಹಿಡಿಸಿದೆಯಲ್ಲೋ! ಬೆಳಿಗ್ಗೆ ಎದ್ದು ನಿಮ್ಮೆಲ್ಲರ ಹೆಸರೂ ಒಂದ್ಸಲ ಹೇಳ್ಕೊಂಡು ನೋಡ್ತಿದ್ದೆ, ಮರೆತಿಲ್ಲ ತಾನೆ ಅಂತ!"

ಇಂಚರ ಅಲ್ಲೇ ಅಮ್ಮನನ್ನು ಅಪ್ಪಿಕೊಂಡು ಅತ್ತಳು. ಅಳುತ್ತಲೇ, ಗುರುವಾರಕ್ಕೆಂದು ಗುಟ್ಟಾಗಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದನ್ನೂ ಒಪ್ಪಿಕೊಂಡಳು. ಬದರಿನಾಥರು, "ಅಂದ್ರೆ ಅಷ್ಟು ದಿನ ಬಿ.ಪಿ.ಗೆ ಒಳ್ಳೇ ಉಪ್ಪು ತಿಂದು, ಅದರ ಮೇಲೆ ಒಂದು ಜಾಡಿ ಉಪ್ಪಿನಕಾಯಿ ತಿಂದೆ ನಾನು" ಎಂದು ಕೂಡಿ ಕಳೆದು ಹೇಳಿದರು.

"ನೀವೂ ಸುಮ್ನಿರಿ. ನಿಮ್ಮ ಕಟ್ಟಳೆ ಇಲ್ದೆ ಇದ್ದಿದ್ರೆ ಮಂಗಳವಾರಾನೇ ಮುಗೀತಿತ್ತು ಇದು" ಎಂದರು ಅಮ್ಮಣ್ಣಿ. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ ಬದರಿನಾಥರಿಗೆ ತಮ್ಮ ಲೆಕ್ಕದಲ್ಲಿ ತಪ್ಪು ಸಿಕ್ಕಿತ್ತು.

ಆಶ್ರಿತ್ ಚಪ್ಪಲಿ ಮೆಟ್ಟಿ ಬೀದಿ ತುದಿಯ ಶಿವರಾಮ್ ಅವರ ಅಂಗಡಿಗೆ ಓಡಿದ. ಪ್ಯಾಕೆಟ್ಟನ್ನು ಮುಂದೆ ಹಿಂದೆ ತಿರುಗಿಸಿ ಮೂರು ಸಲ ಓದಿದ.

"ಏನ್ ಗುರು, ಉಪ್ಪಿನ ಮೇಲೆ ಎಕ್ಸಾಮ್ ಇದೆಯಾ?" ಎಂದರು ಶಿವರಾಮ್.

"ಆಗ್ಲೇ ಆಯ್ತು ಅಣ್ಣ. ಫೇಲು."

ಅವನು ಮನೆಗೆ ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಜಾಡಿ ತೊಳೆದು ಒರೆಸಿ ಒಲೆಯ ಪಕ್ಕ ಇಟ್ಟಾಗಿತ್ತು. ಅಮ್ಮಣ್ಣಿ ಕಾಂಪೌಂಡಿನಾಚೆಗೆ ಕೂಗಿ, "ಮಧುಮತಿ, ನಿಮ್ಮ ಅಡುಗೆಯವರಿಗೆ ನಾಳೆ ನಮ್ಮನೆಗೆ ಬರೋದು ಬೇಡ ಅಂದ್ಬಿಡಿ" ಎನ್ನುತ್ತಿದ್ದರು. ಒಳಗೆ ಬಂದು, ಹೊಸ ಉಪ್ಪನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಸವರಿದರು. ಒಂದು ಕ್ಷಣ ತಡೆದರು. ಉದುರಿಸಬೇಕಾದ ಹೆಚ್ಚಿನದನ್ನು ಉದುರಿಸದೆ, ಪೂರ್ತಿ ಹಾಕಿಬಿಟ್ಟರು. ಆರು ವಾರದ ಅನುಮಾನ ಒಂದು ಸಂಜೆಗೆ ಕೈಬಿಟ್ಟು ಹೋಗುವುದೇ?

ಎಂಟಕ್ಕೆ ನಾಲ್ವರೂ ಕೂತರು. ಅಮ್ಮಣ್ಣಿಯನ್ನೂ ಇಂಚರ ಕೈಹಿಡಿದು ಕೂರಿಸಿದಳು. ಅನ್ನ, ತಿಳಿಸಾರು, ಬೀನ್ಸ್ ಪಲ್ಯ. ಮೊದಲ ತುತ್ತಿಗೆ ಮೂವರ ಕಣ್ಣೂ ಒಟ್ಟಿಗೆ ಅರಳಿ, ಒಟ್ಟಿಗೆ ಕಿರಿದಾದವು. ಉಪ್ಪೆಂದರೆ ಉಪ್ಪು. ಆಶ್ರಿತ್ ಲೋಟಕ್ಕೆ ಕೈ ಹಾಕಿದ. ಇಂಚರ ತುಟಿ ಕಚ್ಚಿಕೊಂಡಳು. ಅಭ್ಯಾಸಬಲದಿಂದ ಯಾರೂ ಮಾತಾಡಲಿಲ್ಲ.

ಅಮ್ಮಣ್ಣಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ಅವನು ಫೋನಿನಲ್ಲಿ ಮಾತಾಡುವ ಧಾಟಿಯಲ್ಲೇ ಕೇಳಿದರು: "ಸಂಕೋಚ ಇಲ್ದೆ ಹೇಳಿ ಸಾರ್, ಹತ್ತಕ್ಕೆ ಎಷ್ಟು ಕೊಡ್ತೀರಾ?"

ಆಶ್ರಿತ್ ಬಾಯಿ ತೆರೆದ. ಅವನಿಗಿಂತ ಮೊದಲು ಬದರಿನಾಥರು ಗಂಟಲು ಸರಿಮಾಡಿಕೊಂಡರು.

"ಆರು" ಎಂದರು. "ಉಪ್ಪು ಜಾಸ್ತಿ ಆಗಿದೆ ಕಣೇ."

ಅಮ್ಮಣ್ಣಿ ತಾವೂ ಒಂದು ತುತ್ತು ತಿಂದು ನೋಡಿದರು. "ಹೌದು, ಜಾಸ್ತಿ ಆಗಿದೆ" ಎಂದರು. ಮುಖ ತುಂಬ ನಗು. ಆರು ಅಂಕಕ್ಕೆ ಅಷ್ಟು ಖುಷಿಪಟ್ಟವರನ್ನು ಆಶ್ರಿತ್ ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಅವರು ಎದ್ದು ಸಾರಿನ ಪಾತ್ರೆಗೆ ಒಂದು ಲೋಟ ಬಿಸಿನೀರು ಸುರಿದು, ಒಂದು ಕುದಿ ಕುದಿಸಿ ತಂದು, ಎಲ್ಲರಿಗೂ ಮತ್ತೆ ಬಡಿಸಿದರು.

"ಈಗ?"

"ಎಂಟು" ಎಂದ ಆಶ್ರಿತ್, ಮತ್ತು ಅನ್ನದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡ.