ಜ್ಯಾಕಿನ ಹಿಂದಿನ ಸ್ವಿಚ್ಚು

ಊರಿನ ಅರ್ಧ ಜನಕ್ಕೆ ಅವನ ಹೆಸರು ಗೊತ್ತಿರಲಿಲ್ಲ; ಕರೆಂಟಣ್ಣ ಎಂದರೆ ಸಾಕಿತ್ತು. ವಾಹನಗಳ ವೈರಿಂಗ್ ಅವನ ಕಸುಬು. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ಟೈರಿನಂಗಡಿಗೂ ಗಾಜಿನಂಗಡಿಗೂ ನಡುವೆ ಒಂದು ಶಟರಿನಷ್ಟು ಅಗಲದ ಅಂಗಡಿ. ಗೋಡೆಯ ಮೊಳೆಗಳಲ್ಲಿ ಬಣ್ಣಬಣ್ಣದ ವೈರಿನ ಸುರುಳಿಗಳು, ನೆಲದಲ್ಲಿ ಆಸಿಡ್ ಚೆಲ್ಲಿ ಬೆಳ್ಳಗಾದ ಕಲೆಗಳು, ಮೂಲೆಯಲ್ಲಿ ಚಾರ್ಜಿಗಿಟ್ಟ ನಾಲ್ಕಾರು ಬ್ಯಾಟರಿಗಳು. ಮೂವತ್ತು ವರ್ಷ ಬಾನೆಟ್ಟುಗಳ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು, ನಾಲಿಗೆ ಮಾತ್ರ ಬಾಗಿರಲಿಲ್ಲ. ಬೇರೆಯವರ ವೈರಿಂಗ್ ಕಂಡರೆ, ಇದನ್ನು ಕೈಯಿಂದ ಮಾಡಿದರೋ ಕಾಲಿಂದಲೋ ಎಂದು ಗಿರಾಕಿಯ ಮುಖಕ್ಕೇ ಕೇಳುವವನು.

ಜೀಪುಗಳ ಕಳ್ಳತನ ಹೆಚ್ಚಾದ ಮೇಲೆ ಅವನಿಗೊಂದು ಹೊಸ ಕೆಲಸ ಹುಟ್ಟಿಕೊಂಡಿತು. ಬ್ಯಾಟರಿಯ ದಪ್ಪ ಕೇಬಲ್ಲನ್ನು ಕತ್ತರಿಸಿ, ನಡುವೆ ಒಂದು ಕಟಾಫ್ ಸ್ವಿಚ್ಚು ಕೂರಿಸುವುದು. ಅದನ್ನು ಆಫ್ ಮಾಡಿಬಿಟ್ಟರೆ ಗಾಡಿ ಹೆಣ. ಕೀಲಿ ಕದ್ದು ತಂದವನೂ ಸ್ಟೇರಿಂಗ್ ಹಿಡಿದುಕೊಂಡು ಬೆಪ್ಪಾಗಿ ಕೂರಬೇಕು. ಸ್ವಿಚ್ಚು ಕೂರಿಸುವುದು ದೊಡ್ಡ ವಿದ್ಯೆಯಲ್ಲ, ಎಲ್ಲಿ ಬಚ್ಚಿಡುವುದು ಎಂಬುದು ವಿದ್ಯೆ. ಕೆಲಸ ಮುಗಿದ ಮೇಲೆ ಕರೆಂಟಣ್ಣ ಮಾಡಿಸಿದವನೊಬ್ಬನನ್ನೇ ಕರೆದು, ಶಟರು ಅರ್ಧ ಎಳೆದು, ಜಾಗ ತೋರಿಸುತ್ತಿದ್ದ. ಆಮೇಲೆ ಅವನ ಹೆಂಡತಿ ಬಂದು ಕೇಳಲಿ, ಮಗ ಬಂದು ಕೇಳಲಿ, ಬಾಯಿಗೆ ಬೀಗ. ಒಮ್ಮೆ ಗಿರಾಕಿಯೇ ಜಾಗ ಮರೆತು ಅಳಿಯನನ್ನು ಕಳಿಸಿದಾಗ, ಆ ಅಳಿಯನನ್ನು ಬೈದು ಅಟ್ಟಿದ್ದ. ಈ ಸಂಗತಿಯನ್ನು ಚಹಾ ಕುಡಿಯುವಾಗಲೆಲ್ಲ ಹೇಳಿಕೊಂಡು ಬೀಗುತ್ತಿದ್ದ.

ಅವನಿಗೊಬ್ಬಳು ತಂಗಿ, ಹನ್ನೆರಡು ವರ್ಷ ಚಿಕ್ಕವಳು. ಅಪ್ಪ ಬೇಗ ಹೋದದ್ದರಿಂದ ಅವಳಿಗೆ ಅಣ್ಣನೇ ಅಪ್ಪ. ಗಾಡಿ ಓಡಿಸಲು ಕಲಿಸಿದವನೂ ಅವನೇ, ಆದರೆ ಎರಡೇ ವರ್ಷದಲ್ಲಿ ಗುರುವನ್ನು ಮೀರಿಸಿದ್ದಳು. ತಾನೇ ದುಡಿದು ಕೊಂಡ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ಗುಡ್ಡದ ಮೇಲಿನ ಮೊಬೈಲ್ ಟವರುಗಳಿಗೆ ಡೀಸೆಲ್ಲು, ಬಿಡಿಭಾಗ ಸಾಗಿಸುತ್ತಿದ್ದಳು. ಆ ವರ್ಷ ಗುಡ್ಡಗಾಡಿನ ರಕ್ಷಣಾ ದಳಕ್ಕೆ ಚಾಲಕರು ಬೇಕಾಗಿದ್ದರು. ಸ್ವಂತ ಗಾಡಿ ತಂದು ಅವರ ಮೈದಾನದ ಕಲ್ಲು ಕೆಸರಿನಲ್ಲಿ ಓಡಿಸಿ ತೋರಿಸಬೇಕು; ಬೆಳಿಗ್ಗೆ ಒಂಬತ್ತಕ್ಕೆ ಗೇಟು ಹಾಕುತ್ತಾರೆ. ಇಂಥ ಅವಕಾಶ ವರ್ಷಕ್ಕೊಂದೇ ಸಲ. ಮೂರು ತಿಂಗಳಿಂದ ಅವಳಿಗೆ ಕೂತರೂ ನಿಂತರೂ ಅದೇ ಧ್ಯಾನ.

ಪರೀಕ್ಷೆಗೆ ಹತ್ತು ದಿನವಿರುವಾಗ ತಂಗಿಯ ಗಂಡ ಆ ಜೀಪನ್ನು ಅಂಗಡಿಗೆ ತಂದ. ಔಷಧಿ ಕಂಪನಿಯ ಮಾರಾಟದವನು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. ಪರೀಕ್ಷೆಗೆ ಮುಂಚೆ ಯಾರಾದರೂ ಗಾಡಿ ಕದ್ದರೆ ಅವಳ ಗತಿಯೇನು, ಒಂದು ಸ್ವಿಚ್ಚು ಹಾಕಿಕೊಡಿ ಎಂದ. ಅವಳಿಗೆ ಈಗಲೇ ಹೇಳಬೇಡಿ, ನಾನೇ ತೋರಿಸಿ ಖುಷಿಪಡಿಸುತ್ತೇನೆ ಎಂದೂ ಸೇರಿಸಿದ. ಕರೆಂಟಣ್ಣನಿಗೆ ಕಣ್ಣು ತುಂಬಿ ಬಂತು, ಯಾರಿಗೂ ಜಾಗ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಇಂಥ ಗಂಡ ಸಿಗಬೇಕಾದರೆ ತಂಗಿ ಪುಣ್ಯ ಮಾಡಿರಬೇಕು ಎಂದುಕೊಂಡ, ಪಾಪ.

ಆ ದಿನ ಬೇರೆ ಗಾಡಿ ಮುಟ್ಟಲಿಲ್ಲ. ನೆಗೆಟಿವ್ ಕೇಬಲ್ಲನ್ನು ಬಾನೆಟ್ಟಿನೊಳಗಿಂದ ಚಾಲಕರ ಸೀಟಿನ ಕೆಳಕ್ಕೆ ತಂದ. ತಗಡಿನ ಅಂಚಿಗೆ ಉಜ್ಜಿ ಸವೆಯದಿರಲಿ ಎಂದು ತೂತಿಗೆ ರಬ್ಬರಿನ ಬಳೆ ಹಾಕಿದ. ಜ್ಯಾಕು ಇಡುವ ಗೂಡಿನ ಹಿಂದೆ, ಕಣ್ಣಿಗೆ ಬೀಳದ ಬೆರಳಿಗೆ ಮಾತ್ರ ಸಿಗುವ ಜಾಗದಲ್ಲಿ ಸ್ವಿಚ್ಚು ಬಿಗಿದ. ತಂಗಿಯ ಗಾಡಿಯಲ್ಲವೇ, ಹತ್ತು ಸಲ ಜಗ್ಗಿ ನೋಡಿದ. ಅಷ್ಟು ಚೊಕ್ಕ ಕೆಲಸ ಅವನು ಅದುವರೆಗೆ ಮಾಡಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಏಳೂವರೆಗೆ ತಂಗಿಯ ಫೋನು ಬಂತು. ಜೀಪು ಸತ್ತು ಬಿದ್ದಿದೆ, ಕೀಲಿ ತಿರುವಿದರೆ ಟಿಕ್ ಎನ್ನುವುದೂ ಇಲ್ಲ, ಹಾರ್ನೂ ಇಲ್ಲ, ಗಂಡ ಮೊದಲ ಬಸ್ಸಿಗೇ ಕೆಲಸಕ್ಕೆ ಹೋಗಿಯಾಗಿದೆ ಎಂದಳು.

“ಏನಾಗಿರಬಹುದು ಅಣ್ಣ? ಬೇಗ ಹೇಳು.”

ಅವನಿಗೆ ಆ ಕ್ಷಣವೇ ಗೊತ್ತಾಯಿತು. ಪುಣ್ಯಾತ್ಮ ತೋರಿಸುವುದನ್ನೇ ಮರೆತಿದ್ದಾನೆ ಎಂದುಕೊಂಡ. ಬ್ಯಾಟರಿಯ ಟರ್ಮಿನಲ್ ಬಿಗಿಯಿದೆಯಾ ನೋಡುತ್ತಿರು ಎಂದು ಅವಳಿಗೆ ಹೇಳಿ, ಅವಳ ಗಂಡನಿಗೆ ಫೋನು ಹಚ್ಚಿದ.

“ಮರೆತಿಲ್ಲ ಭಾವ, ಬೇಕಂತಲೇ ಆಫ್ ಮಾಡಿದ್ದು,” ಎಂದ ಅವನು, ಬೆಣ್ಣೆ ಕರಗದ ದನಿಯಲ್ಲೇ. “ವಾರಗಟ್ಟಲೆ ಗುಡ್ಡದ ಮೇಲೆ ಕ್ಯಾಂಪು, ಸುತ್ತ ಬರೀ ಗಂಡಸರು. ಬೇಡ ಅಂದ್ರೆ ಕೇಳೋಳಲ್ಲ. ಒಂಬತ್ತು ದಾಟಲಿ, ಆಮೇಲೆ ನಾನೇ ಸಮಾಧಾನ ಮಾಡ್ತೀನಿ. ಜಾಗ ಹೇಳಲ್ಲ ಅಂತ ಮಾತು ಕೊಟ್ಟಿದ್ದೀರಿ.”

ಕರೆಂಟಣ್ಣ ಬಾಯಿಗೆ ಬಂದಂತೆ ಬೈದ. ಆ ಕಡೆ ಫೋನು ಇಟ್ಟಾಗಿತ್ತು. ತನ್ನ ಕೈಯಿಂದ ತನ್ನ ತಂಗಿಯ ಕಾಲಿಗೇ ಕೋಳ ಹಾಕಿಸಿದ್ದ ಆ ನಯವಂಚಕ, ಅದೂ ಕಣ್ಣಲ್ಲಿ ನೀರು ತರಿಸಿ.

ಇಷ್ಟಾದರೂ ಕೆಟ್ಟದ್ದೇನೂ ಆಗಿರಲಿಲ್ಲ, ಗಂಟೆ ಇನ್ನೂ ಎಂಟಾಗಿರಲಿಲ್ಲ. ತಂಗಿಯ ಮನೆಯಿಂದ ಮೈದಾನಕ್ಕೆ ಮುಕ್ಕಾಲು ಗಂಟೆಯ ದಾರಿ. ಜ್ಯಾಕಿನ ಹಿಂದೆ ಕೈ ಹಾಕು, ಬಲಕ್ಕೆ ತಿರುಗಿಸು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ಸ್ವಿಚ್ಚು ಹೇಗೆ ಬಂತು, ಯಾರು ಹಾಕಿದರು ಎಂದು ಅವಳು ಕೇಳುತ್ತಾಳೆ. ಸಂಸಾರ ಒಡೆಯುತ್ತದೆ, ಒಡೆದ ಕೈ ತನ್ನದಾಗುತ್ತದೆ. ಜೊತೆಗೆ ಈವರೆಗೆ ಮುರಿಯದ ಆ ಹಾಳು ಮಾತೊಂದು. ತಾನೇ ಅರ್ಧ ಗಂಟೆಯಲ್ಲಿ ಹೋಗಿ, ಅಲ್ಲಿ ಇಲ್ಲಿ ಕೆದಕಿದಂತೆ ಮಾಡಿ ಜೀಪು ಚಾಲೂ ಮಾಡಿಕೊಟ್ಟರೆ ಹಾವೂ ಸಾಯದು, ಕೋಲೂ ಮುರಿಯದು ಎಂದು ಲೆಕ್ಕ ಹಾಕಿದ. ಇದಕ್ಕೆ ಜನ ಜಾಣತನ ಎನ್ನುತ್ತಾರೆ; ಸರಿಯಾದ ಹೆಸರು ಹೇಡಿತನ.

“ಬ್ಯಾಟರಿ ಇಳಿದಿರಬೇಕು,” ಎಂದು ತಂಗಿಗೆ ಹೇಳಿದ. “ನಾನೇ ಬರ್ತೀನಿ, ನೀನು ಏನೂ ಮುಟ್ಟಬೇಡ.”

ಹಳೆಯ ಸ್ಕೂಟರನ್ನು ಎಷ್ಟು ಹಿಂಡಿದರೂ ತಲುಪುವಾಗ ಎಂಟೂ ಮುಕ್ಕಾಲು. ತಂಗಿ ಮಡಿಕೆ ಬೀಳದಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೀಪಿನ ಪಕ್ಕ ನಿಂತಿದ್ದಳು. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕೇಬಲ್ ಕೊಟ್ಟು ನೋಡಿದ್ದಳು, ಆಗಿರಲಿಲ್ಲ. ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಕುಡಿಯಲು ನೀರು ತಾ ಎಂದು ಅವಳನ್ನು ಒಳಗೆ ಕಳಿಸಿದ. ಬಾಗಿಲವರೆಗೆ ಹೋದವಳು ಏನೋ ನೆನಪಾಗಿ ತಿರುಗಿ ನೋಡಿದಳು. ಅಣ್ಣನ ಕೈ ಬಾನೆಟ್ಟಿಗೆ ಹೋಗಲಿಲ್ಲ, ಟೆಸ್ಟರಿಗೆ ಹೋಗಲಿಲ್ಲ, ನೆಟ್ಟಗೆ ಸೀಟಿನ ಕೆಳಗೆ ಹೋಯಿತು. ಜೀಪಿನ ಮೀಟರು ಬೆಳಗಿತು.

ಅವಳು ಬಂದು, ಅವನ ಕೈ ಹೊರಗೆ ಬಂದ ಜಾಗಕ್ಕೆ ತನ್ನ ಕೈ ಹಾಕಿ, ಸ್ವಿಚ್ಚನ್ನು ಮುಟ್ಟಿ ನೋಡಿದಳು.

“ಹುಡುಕಲೇ ಇಲ್ಲ ನೀನು,” ಎಂದಳು.

ಅವನು ಎಲ್ಲ ಹೇಳಿದ. ಗಂಡ ತಂದದ್ದು, ಖುಷಿಪಡಿಸುತ್ತೇನೆ ಎಂದದ್ದು, ತಾನು ಮೋಸ ಹೋದದ್ದು.

“ಅವರು ಮಾಡಿದ್ದು ಅರ್ಥ ಆಗುತ್ತೆ. ನಾನು ಫೋನ್ ಮಾಡಿದಾಗ ನಿಂಗೆ ಗೊತ್ತಿತ್ತಲ್ಲ ಅಣ್ಣ?”

ಗೊತ್ತಿತ್ತು ಎಂದ. ಅವಳು ಜೀಪು ಹತ್ತಿ ಹೋದಳು. ತಲುಪಿದಾಗ ಗೇಟು ಹಾಕಿ ಅರ್ಧ ಗಂಟೆಯಾಗಿತ್ತಂತೆ. ಮುಂದಿನ ವರ್ಷ ಬನ್ನಿ ಎಂದರಂತೆ.

ಸಂಜೆ ಕರೆಂಟಣ್ಣ ತಂಗಿಯ ಗಂಡನನ್ನು ಬಸ್ ನಿಲ್ದಾಣದಲ್ಲೇ ಅಡ್ಡಗಟ್ಟಿ ಕೊರಳಪಟ್ಟಿ ಹಿಡಿದ. ನಂಬಿದವರ ಕತ್ತು ಕೊಯ್ದೆಯಲ್ಲೋ ಎಂದು ನಾಲ್ಕು ಜನ ಕೇಳುವಂತೆ ಕೂಗಿದ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು, “ಬ್ಯಾಟರಿ ಇಳಿದಿದೆ ಅಂತ ಹೇಳಿದ್ದು ನಾನಲ್ಲ ಭಾವ,” ಎಂದ. ಕರೆಂಟಣ್ಣ ಸ್ಕೂಟರು ತಿರುಗಿಸಿ ಹೊರಟ. ಆಮೇಲೆ ಎಷ್ಟೋ ದಿನ, ಬ್ಯಾಟರಿಗೆ ನೀರು ಹಾಕುತ್ತ ಕೂತಾಗಲೂ, ಆ ಮಾತೇ ಕಿವಿಯಲ್ಲಿತ್ತು.

ತಂಗಿ ತಿಂಗಳೊಳಗೆ ಗಂಡನನ್ನು ಬಿಟ್ಟು ಬೇರೆ ಕೋಣೆ ಹಿಡಿದಳು. ಅಣ್ಣನ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದಾಗ ಅತ್ತಿಗೆಯ ಜೊತೆ ನಕ್ಕಳು, ಮಕ್ಕಳಿಗೆ ಪೆನ್ಸಿಲು ತಂದಳು. ಜೀಪನ್ನು ಮಾತ್ರ ಅಂಗಡಿಗೆ ತರಲಿಲ್ಲ. ಒಂದು ದೀಪ ಕೆಟ್ಟರೂ ಬೇರೆ ಕಡೆ ಹೋದಳು.

ಮುಂದಿನ ವರ್ಷದ ಪರೀಕ್ಷೆಯ ದಿನ ಅವನು ಬೆಳಕು ಹರಿಯುತ್ತಲೇ ಸ್ಕೂಟರು ಹತ್ತಿ ಮೈದಾನಕ್ಕೆ ಹೋದ. ಒಳ್ಳೆಯದಾಗಲಿ ಎಂದು ಹೇಳುವುದಕ್ಕೆ, ಬೇರೇನಿಲ್ಲ. ಕಾವಲುಗಾರ ಹೇಳಿದ: ಆ ಹೆಣ್ಣುಮಗಳು ನಿನ್ನೆ ಸಂಜೆಯೇ ಬಂದು ಗೇಟಿಗೆ ಒತ್ತಿ ಗಾಡಿ ನಿಲ್ಲಿಸಿ, ಒಳಗೇ ಮಲಗಿದ್ದಾಳೆ. ಕರೆಂಟಣ್ಣ ಜೀಪಿನತ್ತ ನಡೆದ. ಅವಳು ಎದ್ದು ಕೂತು ಕನ್ನಡಿಯಲ್ಲಿ ಅವನನ್ನು ನೋಡಿದಳು. ಮೊದಲು ಕೀಲಿ ತಿರುವಿದಳು. ಎಂಜಿನ್ ಚಾಲೂ ಆದ ಮೇಲೆ ಗಾಜು ಇಳಿಸಿದಳು.

“ಬಾ ಅಣ್ಣ,” ಎಂದಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದಳು. ಅವನು ಅಲ್ಲಿ ನಿಂತಿದ್ದಷ್ಟು ಹೊತ್ತೂ ಅವಳು ಎಂಜಿನ್ ಆರಿಸಲಿಲ್ಲ.